ಮಾವಿನ ಮರದ ಕೆಳಗೆ ಯಾರೂ ಇಲ್ಲ ಅಂದೆ

ಅವರು ಬಂದಿದ್ದರು. ಹೇಳಿದ ಜಾಗದಲ್ಲೇ, ಘಾಟಿನ ಆಚೆಗಿನ ಮಾವಿನ ಮರದ ಕೆಳಗೆ ನಿಂತು ಗುಡ್ಡದ ಕಡೆಗೆ ನೋಡುತ್ತಿದ್ದರು. ನಾನು ದುರ್ಬೀನು ಹಚ್ಚಿ ಕಣ್ಣಾರೆ ಕಂಡೆ. ಕಂಡು, ನನ್ನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಗಂಗೆಗೆ "ಯಾರೂ ಇಲ್ಲ" ಅಂದೆ.

ನಾನು ಮಾಡಿದ್ದು ಇಷ್ಟೇ. ಯಾರ ಮನೆಯನ್ನೂ ಮುರಿಯಲಿಲ್ಲ, ಯಾರ ಅನ್ನದಲ್ಲೂ ವಿಷ ಬೆರೆಸಲಿಲ್ಲ. ಎರಡು ಶಬ್ದ. ಆ ಎರಡು ಶಬ್ದದಿಂದ ಒಬ್ಬ ಹೆಣ್ಣುಮಗಳ ಬಾಳು ನನ್ನ ಅಡುಗೆಮನೆಯಲ್ಲಿ ಸವೆದುಹೋಯಿತು. ಸವೆಯುವಷ್ಟು ಕಾಲವೂ ಅವಳು ನನ್ನ ಉಪಕಾರ ನೆನೆಯುತ್ತಿದ್ದಳು — ಅದನ್ನೂ ನಾನು ಕೇಳಿಸಿಕೊಂಡೆ. ಬೇಡ ಅನ್ನಲಿಲ್ಲ.

ಗಂಗಾ ನನ್ನ ನಾದಿನಿ, ನಮ್ಮ ಯಜಮಾನರ ಒಬ್ಬಳೇ ತಂಗಿ. ನಾವು ಬಾಗಲಕೋಟೆ ಕಡೆಯವರು. ಇವರಿಗೆ ಪುಣೆಯಲ್ಲಿ ಕಾರಕೂನಿಕೆ ಸಿಕ್ಕ ಮೇಲೆ ಶನಿವಾರ ಪೇಟೆಯಲ್ಲಿ, ನಾಲ್ಕಾರು ಸಂಸಾರಗಳಿದ್ದ ಒಂದು ದೊಡ್ಡ ವಾಡೆಯ ಹಿಂಭಾಗ ಹಿಡಿದು ಸಂಸಾರ ಹೂಡಿದೆವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಗಂಗಾ ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ವಿಧವೆಯಾಗಿ ತವರಿಗೆ ಬಂದವಳು. ಊರಿನವರು ಕೂದಲು ತೆಗೆಸಬೇಕೆಂದು ಹಟ ಹಿಡಿದಾಗ ಅಡ್ಡ ನಿಂತು ಅವಳನ್ನು ಪುಣೆಗೆ ಕರೆತಂದವರು ಇವರೇ. ಹೆಂಗಸರಿಗೆ ಓದು ಕಲಿಸಿ ಮಾಸ್ತರಿಣಿ ಮಾಡುವ ಶಾಲೆಯೊಂದಕ್ಕೆ ಸೇರಿಸಿದವರೂ ಇವರೇ. "ಕಲೀಲಿ. ತನ್ನ ಕಾಲ ಮ್ಯಾಲೆ ತಾ ನಿಲ್ಲಲಿ" ಅನ್ನುತ್ತಿದ್ದರು. ಆದರೆ ಅವರ ಸುಧಾರಣೆಗೆ ಒಂದು ಗೆರೆ ಇತ್ತು. ವಾಡೆಯಲ್ಲಿ ಯಾರದೋ ಮರುಮದುವೆಯ ಸುದ್ದಿ ಬಂದಾಗ ಒಮ್ಮೆ ಊಟದ ಎಲೆ ಬಿಟ್ಟೆದ್ದರು.

ನಮ್ಮ ಅತ್ತೆಗೆ ಅರ್ಧಾಂಗ ಹೊಡೆದು ಹಾಸಿಗೆ ಹಿಡಿದಿದ್ದರು. ಅವರ ಮಲಮೂತ್ರ, ಮೈ ಒರೆಸುವುದು, ಬಾಯಿಗೆ ಗಂಜಿ ಹಾಕುವುದು — ಎಲ್ಲ ಗಂಗಾನೇ. ಶಾಲೆಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ. ನನಗಾಗಲೇ ಮೂರು ಮಕ್ಕಳು. ಈ ಮಾತನ್ನು ಮುಂದೆ ಹೇಳಲೇಬೇಕು, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಗಂಗಾ ಇಲ್ಲದ ಮನೆಯನ್ನು ನಾನು ಊಹಿಸಿಕೊಂಡಾಗಲೆಲ್ಲ ನನಗೆ ಕಾಣುತ್ತಿದ್ದುದು ಗಂಗಾ ಅಲ್ಲ, ಅವಳ ಎರಡು ಕೈ.

ಅವಳಿಗೆ ಹಕ್ಕಿಯ ಹುಚ್ಚು. ಶಾಲೆಯಲ್ಲಿ ಲೀಲಾಬಾಯಿ ಅಂತ ಒಬ್ಬ ಮಾಸ್ತರಿಣಿ ಇದ್ದರು, ಗಿಡಮರ ಪ್ರಾಣಿಪಕ್ಷಿಗಳ ಪಾಠ ಹೇಳುವವರು. ದಪ್ಪ ಮೈ, ದೊಡ್ಡ ದನಿ, ಕೊರಳಲ್ಲಿ ಮಂಗಳಸೂತ್ರದ ಜೊತೆಗೆ ಒಂದು ಹಿತ್ತಾಳೆಯ ದುರ್ಬೀನು. ಪ್ರತಿ ಫಾಲ್ಗುಣದಲ್ಲಿ, ಬಿಸಿಲು ಬಲಿಯುವ ಮೊದಲು, ದೊಡ್ಡ ತರಗತಿಯ ಹೆಂಗಸರನ್ನು ಹಕ್ಕಿ ನೋಡಲು ಗುಡ್ಡಕ್ಕೆ ಕರೆದೊಯ್ಯುತ್ತಿದ್ದರು. ಗಂಗಾ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗಲೂ ಕತ್ತೆತ್ತಿ "ವೈನೀ, ಕುಟ್ರುಹಕ್ಕಿ ಕೂಗ್ತು ಕೇಳ್ರಿ" ಅನ್ನುವಳು; ಅತ್ತಿಗೆ ಅನ್ನುವುದಕ್ಕೆ ಅವಳು ವೈನಿ ಅನ್ನುತ್ತಿದ್ದಳು. ನನಗೆ ಯಾವುದೂ ಕೇಳುತ್ತಿರಲಿಲ್ಲ.

ಆ ಶಾಲೆಯಲ್ಲೇ ಚಿತ್ರ ಬರೆಯಲು ಕಲಿಸುತ್ತಿದ್ದವರು ಶ್ರೀಪಾದ ಮಾಸ್ತರರು. ಧಾರವಾಡದವರು, ಕನ್ನಡದವರು, ಆದರೆ ನಮ್ಮ ಜಾತಿಯವರಲ್ಲ. ಲೀಲಾಬಾಯಿಯ ಪಾಠಕ್ಕೆ ಹಕ್ಕಿಗಳ ಪಟ ಬರೆದುಕೊಡುತ್ತಿದ್ದರಂತೆ. ರೆಕ್ಕೆಯ ಬಣ್ಣ ಸರಿಯೋ ತಪ್ಪೋ ಎಂದು ಗಂಗೆಯನ್ನು ಕೇಳುತ್ತಿದ್ದರಂತೆ. ಅಲ್ಲಿಂದ ಶುರುವಾದದ್ದು ಎಲ್ಲಿಗೆ ಬಂತೆಂದು ನನಗೆ ತಿಳಿದದ್ದು ಅವರಿಗೆ ಕೊಲ್ಲಾಪುರದಲ್ಲಿ ಕೆಲಸವಾಗಿ ಪುಣೆ ಬಿಟ್ಟ ಮೇಲೆ.

ಆ ಫಾಲ್ಗುಣದಲ್ಲಿ, ನಡಿಗೆಯ ಎರಡು ದಿನ ಮುಂಚೆ, ಒಲೆಯ ಮುಂದೆ ಕೂತು ಗಂಗಾ ನನಗೆ ಎಲ್ಲ ಹೇಳಿದಳು. ಹೇಳದೆ ಅವಳಿಗೆ ಗತಿ ಇರಲಿಲ್ಲ. ಮನೆಯ ಹಿರಿಯರೊಬ್ಬರು ಜೊತೆಗಿಲ್ಲದೆ ಗುಡ್ಡಕ್ಕೆ ಕಳಿಸುವುದಿಲ್ಲ ಎಂದು ಇವರು ಅಂದಿದ್ದರು, ಆ ಹಿರಿಯಳು ನಾನೇ ಆಗಿದ್ದೆ.

"ಕಾತ್ರಜದ ಘಾಟ ದಾಟಿದ್ರ ಕೆಳಗ ಸಾತಾರೆ ರಸ್ತಾ ಅದ ವೈನಿ. ರಸ್ತಾದ ಬದೀಗೆ ಒಂದು ಭಾವಿ, ಮಾವಿನ ಗಿಡ. ಅಲ್ಲಿ ಟಾಂಗಾ ತೊಗೊಂಡು ಬಂದು ನಿಂತಿರ್ತಾರ. ಕೊಲ್ಲಾಪುರದಾಗ ಮದವಿಗೆ ಎಲ್ಲಾ ಸಜ್ಜು ಮಾಡ್ಯಾರ."

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದೆ.

"ಅವರು ಬಂದಿದ್ರಷ್ಟ ನಾ ಗುಡ್ಡಾ ಇಳಿಯಾಕಿ" ಅಂದಳು. "ನಾನ ಅವರಿಗೆ ಹೇಳೀನಿ — ನಾ ಬರಲಿಲ್ಲ ಅಂದ್ರ ಒಲ್ಲೆ ಅಂದಂಗ, ಮತ್ತ ಹಿಂದ ಬೀಳಬ್ಯಾಡ್ರಿ. ನೀವು ಬರಲಿಲ್ಲ ಅಂದ್ರ ನಾನೂ ಹಂಗ ತಿಳೀತೀನಿ, ಮತ್ತ ಕೇಳೂದಿಲ್ಲ. ಒಬ್ಬರನ್ನೊಬ್ಬರು ಬೇಡಕೊಳ್ಳೂದು ಬ್ಯಾಡ." ಆಮೇಲೆ ನನ್ನ ಹಿಟ್ಟಿನ ಕೈ ಹಿಡಿದು, "ನಿಮ್ಮ ಮ್ಯಾಲೆ ಏನೂ ಬರಗೊಡೂದಿಲ್ಲ ವೈನಿ. ನೀವು ಸುಮ್ಮನಿದ್ರ ಸಾಕು" ಅಂದಳು.

ಸುಮ್ಮನಿರುತ್ತೇನೆ ಅಂದೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ — ಹಾಗೆ ಇತ್ತು ಅಂತ ಮಾತ್ರ ಹೇಳುತ್ತಿದ್ದೇನೆ.

ನಸುಕಿನಲ್ಲಿ ಎರಡು ಚಕ್ಕಡಿಯಲ್ಲಿ ಹೊರಟೆವು. ಅತ್ತೆಯ ಹತ್ತಿರ ವಾಡೆಯ ನೆರೆಯಾಕೆಯನ್ನು ಕೂಡಿಸಿ ಬಂದಿದ್ದೆ. ಪುಣೆಗೆ ಬಂದ ಮೇಲೆ ನಾನು ಊರಿಂದ ಆಚೆ ಕಾಲಿಟ್ಟದ್ದು ಅದೇ ಮೊದಲು. ಕಾತ್ರಜದ ಕೆರೆಯ ದಂಡೆಯಲ್ಲಿ ಇಳಿದಾಗ ನೀರಿನ ಮೇಲೆ ಇನ್ನೂ ಮಂಜು ಇತ್ತು. ಟಿಟ್ಟಿಭಗಳು ನಮ್ಮನ್ನು ನೋಡಿ ಚೀರಾಡುತ್ತ ತಲೆಯ ಮೇಲೆ ಸುತ್ತಿದವು. ಕೆರೆ ದಾಟಿದರೆ ಕಡಲೆ ಕಿತ್ತ ಹೊಲಗಳು, ಹೊಲ ಮುಗಿದರೆ ಕವಳೆಯ ಕಂಟಿ. ಬಿಳಿ ಹೂ ಬಿಟ್ಟು ಇಡೀ ಇಳಿಜಾರೇ ಘಮಘಮ ಅನ್ನುತ್ತಿತ್ತು. ಒಂದು ಕೊರಕಲಿನಲ್ಲಿ ಎಲೆಯೇ ಇಲ್ಲದ ಬೂರಲ ಮರ ಮೈತುಂಬ ಕೆಂಪು ಹೂ ಹೊತ್ತು ನಿಂತಿತ್ತು. ಹೂವಿನೊಳಗೆ ಕೊಕ್ಕು ಹುಗಿದ ನೂರಾರು ಕಬ್ಬಕ್ಕಿಗಳು — ಬೆನ್ನು ಹೊಟ್ಟೆ ಗುಲಾಬಿ, ತಲೆ ರೆಕ್ಕೆ ಕಪ್ಪು. ಅವುಗಳ ಗದ್ದಲ ಸಂತೆಯ ಗದ್ದಲದ ಹಾಗೆ.

"ಹಾಲು ನಕಾ!" ಎಂದು ಲೀಲಾಬಾಯಿ ಪಿಸುಗುಟ್ಟಿದರು, ಅಲುಗಬೇಡಿ ಅಂತ. ಹನ್ನೆರಡು ಮಂದಿ ಹೆಂಗಸರು ಕಚ್ಚೆ ಸೀರೆ ಬಿಗಿದುಕೊಂಡು ಕಲ್ಲಿನಂತೆ ನಿಂತೆವು. ಇವು ಇನ್ನೇನು ಹೊರಡುತ್ತವೆ, ನಮ್ಮ ದೇಶದಲ್ಲಿ ಗೂಡು ಕಟ್ಟುವುದಿಲ್ಲ, ಬೇಸಿಗೆಗೆ ಪರ್ವತಗಳ ಆಚೆ ಹೋಗುತ್ತವೆ ಎಂದು ಅವರು ಮೆಲ್ಲಗೆ ಹೇಳಿದರು. ಗಂಗಾ ನನ್ನ ಮುಂದೆ ನಿಂತಿದ್ದಳು. ಅವಳ ಕತ್ತಿನ ಮೇಲೆ ಬೆವರು, ಕೆಂಪು ಧೂಳು. ತಿರುಗಿ ನನ್ನ ಮುಖ ನೋಡಿ ನಕ್ಕಳು.

ಆ ನಗು... ಅದನ್ನು ಹೇಗೆ ಹೇಳಲಿ? ನಮ್ಮ ಮನೆಯಲ್ಲಿ ಅವಳು ನಗುತ್ತಿರಲಿಲ್ಲ ಅಂತಲ್ಲ. ಮಕ್ಕಳ ಜೊತೆ ನಗುತ್ತಿದ್ದಳು. ಆದರೆ ಇದು ಯಾರ ಸಲುವಾಗಿಯೂ ನಕ್ಕ ನಗು ಅಲ್ಲ, ತನಗಾಗಿ ನಕ್ಕದ್ದು. ಹಣೆಯಲ್ಲಿ ಕುಂಕುಮವಿದ್ದವಳು ನಾನು. ಕೈತುಂಬ ಬಳೆ, ಮನೆ, ಗಂಡ, ಮಕ್ಕಳು — ಎಲ್ಲ ನನ್ನವು. ಎರಡು ತಿಂಗಳಿಂದ ಮುಟ್ಟು ನಿಂತಿತ್ತು, ಯಾರಿಗೂ ಹೇಳಿರಲಿಲ್ಲ. ಏರು ಹತ್ತುತ್ತ ನನಗೆ ವಾಕರಿಕೆ ಬರುತ್ತಿತ್ತು. ಅವಳು ಆಡಿನ ಮರಿಯ ಹಾಗೆ ಹತ್ತುತ್ತಿದ್ದಳು. ಆ ಗುಡ್ಡದ ಮೇಲೆ ಸುಖವಾಗಿದ್ದವಳು ಅವಳು, ನಾನಲ್ಲ. ನನಗೆ ಅದು ತಡೆಯಲಾಗಲಿಲ್ಲ. ಹೊಟ್ಟೆಕಿಚ್ಚು ಅನ್ನುವುದಕ್ಕೆ ಬೇರೆ ಹೆಸರು ಹುಡುಕಿ ಎಷ್ಟೋ ವರ್ಷ ಕಳೆದಿದ್ದೇನೆ. ಇಲ್ಲ. ಅದರ ಹೆಸರು ಅದೇ.

ಮೇಲೆ ಹತ್ತಿದರೆ ಬಯಲು. ಒಣಗಿ ಬಂಗಾರವಾದ ಹುಲ್ಲು, ನಡುನಡುವೆ ಕರಿ ಬಂಡೆ. ಬಾನಾಡಿಯೊಂದು ಹುಲ್ಲಿನಿಂದ ಎದ್ದು ಹಾಡುತ್ತ ಹಾಡುತ್ತ ಮೇಲೇರಿ ಚುಕ್ಕೆಯಾಯಿತು. ದುರ್ಬೀನು ಕೈಯಿಂದ ಕೈಗೆ ಹೋಗುತ್ತಿತ್ತು, ಸರದಿಯ ಪ್ರಕಾರ. ಬಯಲಿನ ದಕ್ಷಿಣದ ಅಂಚಿಗೆ ಬಂದಾಗ ಲೀಲಾಬಾಯಿ ಎಲ್ಲರನ್ನೂ ಕೂಡಿಸಿದರು. ಕೆಳಗೆ ಕಣಿವೆ, ಕಣಿವೆಯ ತಳದಲ್ಲಿ ದಾರದ ಎಳೆಯಂಥ ರಸ್ತೆ. ಅಂಚಿನಿಂದ ಕಾಲುದಾರಿಯೊಂದು ಕಂಟಿಗಳ ನಡುವೆ ಇಳಿದು ಆ ರಸ್ತೆಗೆ ಸೇರುತ್ತಿತ್ತು. ರಸ್ತೆಯ ಬದಿಯಲ್ಲಿ ಹಸಿರು ಗುಪ್ಪೆಯ ಹಾಗೆ ಒಂದು ಮರ. ಬರಿಗಣ್ಣಿಗೆ ಅಷ್ಟೇ ಕಾಣುತ್ತಿದ್ದುದು.

ದುರ್ಬೀನು ಗಂಗೆಯ ಸರದಿಗೆ ಬಂತು. ಅವಳು ಅದನ್ನು ನನ್ನ ಮಡಿಲಿಗೆ ಹಾಕಿದಳು.

"ನನಗ ನೋಡೂ ಧೈರ್ಯ ಇಲ್ಲ ವೈನಿ. ನನ್ನ ಕಡಿಂದ ಆಗೂದಿಲ್ಲ. ನೀವ ನೋಡಿ ಹೇಳ್ರಿ."

ನೋಡಿದೆ. ಮೊದಲು ಬರೀ ಎಲೆ, ಬಂಡೆ, ಆಕಾಶ. ಆಮೇಲೆ ಮರ ಸಿಕ್ಕಿತು. ಮರದ ಕೆಳಗೆ ಟಾಂಗಾ. ಕುದುರೆ ಹುಲ್ಲು ತಿನ್ನುತ್ತಿತ್ತು. ಅದರ ಮುಂದೆ ಅವರು — ಕರಿ ಟೊಪ್ಪಿಗೆ, ಬಿಳಿ ಕೋಟು. ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. ಕೈ ಚಾಚಿದರೆ ಮುಟ್ಟಬಹುದೇನೋ ಅನ್ನುವಷ್ಟು ಹತ್ತಿರ ಕಂಡರು.

"ಅದಾರೇನ್ರಿ?"

"ಯಾರೂ ಇಲ್ಲ" ಅಂದೆ.

ಆ ಮಾತು ನನ್ನ ಬಾಯಿಂದ ಹೊರಟದ್ದು ನನಗೇ ಕೇಳಿಸಿತು. ಹಿಂದೆ ಕೂತಿದ್ದ ಹುಡುಗಿ ಕೈಚಾಚಿ ದುರ್ಬೀನು ತೆಗೆದುಕೊಂಡಳು, ಅವಳಿಗೆ ಆಕಾಶದಲ್ಲಿ ಒಂದು ಗಿಡುಗ ಕಂಡಿತ್ತು. ಎಲ್ಲರೂ ಗಿಡುಗವನ್ನು ನೋಡಿದರು.

ಇದು ಇಲ್ಲಿಗೆ ನಿಂತಿದ್ದರೆ ಬಾಯಿ ತಪ್ಪಿ ಬಂತು ಅನ್ನಬಹುದಿತ್ತು. ಬಿಸಿಲು, ವಾಕರಿಕೆ, ಹೆದರಿಕೆ — ಎಷ್ಟು ಬೇಕಾದರೂ ಸೇರಿಸಬಹುದಿತ್ತು. ಆದರೆ ಚುರುಮುರಿ ತಿಂದು, ನೀರು ಕುಡಿದು, ಎಲ್ಲರೂ ಏಳುವ ಹೊತ್ತಿಗೆ ಗಂಗಾ ಮತ್ತೆ ನನ್ನ ಹತ್ತಿರ ಬಂದಳು. ಲೀಲಾಬಾಯಿಯ ಕೊರಳಿನಿಂದ ತಾನೇ ದುರ್ಬೀನು ಕೇಳಿ ತಂದಿದ್ದಳು. ಕಣ್ಣು ತುಂಬಿಕೊಂಡಿದ್ದವು.

"ಇನ್ನೊಂದು ಸರ್ತಿ ನೋಡ್ರಿ ವೈನಿ. ತಡಾ ಆಗಿರಬೇಕು ಅವರಿಗೆ. ನನಗ ಬರೀ ನೀರ ಕಾಣಸ್ತಾವ."

ಇನ್ನೊಂದು ಸಲ ನೋಡಿದೆ. ಈಗ ಅವರು ಮರದ ಕೆಳಗಿರಲಿಲ್ಲ. ಕಾಲುದಾರಿ ಶುರುವಾಗುವಲ್ಲಿಗೆ ಬಂದು, ಒಂದು ಕಲ್ಲಿನ ಮೇಲೆ ನಿಂತು, ಕೈ ಹಣೆಗೆ ಅಡ್ಡ ಹಿಡಿದು, ಮೇಲೆ — ನೇರ ನಾವಿದ್ದಲ್ಲಿಗೆ — ನೋಡುತ್ತಿದ್ದರು. ಭಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ತಾಯಿ ಇರಬೇಕು. ಹೆಣ್ಣುಮಗಳೊಬ್ಬಳು ಗಂಡಸಿನ ಜೊತೆ ಒಬ್ಬಳೇ ಅಷ್ಟು ದೂರ ಬರಬಾರದೆಂದು ತಾಯಿಯನ್ನು ಕರೆತಂದಿದ್ದರು. ಅಷ್ಟು ಮರ್ಯಾದೆಯ ಮನುಷ್ಯ. ಅದೆಲ್ಲ ನನಗೆ ಅರ್ಥವಾಯಿತು. ಅರ್ಥವಾಗಿಯೇ ಹೇಳಿದೆ.

"ಇಲ್ಲ ಗಂಗಾ. ಗಿಡದ ಕೆಳಗ ಯಾರೂ ಇಲ್ಲ. ನಡಿ, ಮನಿಗೆ ಹೋಗೂಣು."

ಇಳಿಯುವಾಗ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಬೂರಲ ಮರದ ಹತ್ತಿರ ಬಂದಾಗ ಯಾರೋ ಕಬ್ಬಕ್ಕಿ ಅಂದರು, ಅವಳು ತಲೆ ಎತ್ತಲಿಲ್ಲ. ಚಕ್ಕಡಿಯಲ್ಲಿ ಕೂತ ಮೇಲೆ ನನ್ನ ಹೆಗಲಿಗೆ ಒರಗಿ, "ನಿಮಗಷ್ಟ ಗೊತ್ತದ ಈ ಮಾತು. ಯಾರಿಗೂ ಹೇಳಬ್ಯಾಡ್ರಿ. ನನ್ನ ಮಾನ ನಿಮ್ಮ ಕೈಯಾಗ ಅದ" ಅಂದಳು. ಮನೆಗೆ ಹೋಗುತ್ತಲೇ ಸೆರಗು ಸಿಕ್ಕಿಸಿ ತಾಯಿಯ ಹಾಸಿಗೆ ಬದಲಿಸಿದಳು.

ಶಾಲೆಯ ಗೋಡೆಯ ಮೇಲೆ ಆ ಪಟಗಳು ತೂಗುತ್ತಿದ್ದವಲ್ಲ — ಅವನ್ನು ನೋಡಲಾರದೆ ಸ್ವಲ್ಪ ದಿನದಲ್ಲೇ ಶಾಲೆ ಬಿಟ್ಟಳು. ಇವರು ಬಯ್ದರು, ರಮಿಸಿದರು. ಅವಳು ಒಲ್ಲೆ ಅಂದಳು. ಅತ್ತೆ ಇನ್ನೂ ಎಷ್ಟೋ ವರ್ಷ ಇದ್ದರು, ಗಂಗೆಯ ಕೈಯಲ್ಲೇ ಹೋದರು. ನನ್ನ ಹೊಟ್ಟೆಯಲ್ಲಿದ್ದ ಮಗು ಹೆಣ್ಣಾಗಿ ಹುಟ್ಟಿತು, ಸುಶೀಲಾ. ಆ ಬಾಣಂತನದಲ್ಲಿ ನನಗೆ ಜ್ವರ ಏರಿ ಬದುಕುವ ಆಸೆ ಬಿಟ್ಟಾಗ ಮಗುವನ್ನು ಎದೆಗೆ ಕಟ್ಟಿಕೊಂಡು ಬದುಕಿಸಿದವಳು ಗಂಗಾ. ಸುಶೀಲಾಗೆ ಮೊದಲು ಬಂದ ಮಾತು 'ಅತ್ತಿ'.

ಒಂದು ದಿನ ಲೀಲಾಬಾಯಿ ತುಳಶೀಬಾಗದ ಬಜಾರಿನಲ್ಲಿ ಸಿಕ್ಕರು. ಶ್ರೀಪಾದ ಮಾಸ್ತರರು ಕೊಲ್ಲಾಪುರದಲ್ಲಿ ಒಬ್ಬ ವಿಧವೆಯನ್ನೇ ಮದುವೆಯಾದರಂತೆ ಎಂದು ಹೇಳಿದರು. ನಾನು ಆ ಸುದ್ದಿಯನ್ನು ಮುಚ್ಚಿಡಬಹುದಿತ್ತು. ಮುಚ್ಚಿಡುವುದು ನನಗೆ ಬರುತ್ತಿತ್ತಲ್ಲ! ಆದರೆ ಓಡೋಡಿ ಬಂದು ಗಂಗೆಗೆ ಹೇಳಿದೆ: "ನೋಡಿದೇನು? ಮತ್ತೊಬ್ಬಾಕಿನ್ನ ಮಾಡಿಕೊಂಡ್ರಂತ." ನನ್ನ ಸುಳ್ಳಿಗೆ ಒಂದು ಸಾಕ್ಷಿ ಸಿಕ್ಕಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಗಂಗಾ ಕಸಬರಿಗೆ ಕೆಳಗಿಟ್ಟು ಒಂದು ಗಳಿಗೆ ನಿಂತಳು. "ಛಲೋ ಆತು" ಅಂದಳು. ಮತ್ತೆ ಕಸ ಗುಡಿಸಿದಳು. ಮಾಸ್ತರರು ತೀರಿಹೋದ ಸುದ್ದಿಯೂ ಕೆಲವು ವರ್ಷಗಳ ಮೇಲೆ ಬಂತು. ಅದನ್ನು ಮಾತ್ರ ನಾನು ಹೇಳಲಿಲ್ಲ.

ನಮ್ಮ ಯಜಮಾನರು ತೀರಿಕೊಂಡರು. ಗಂಡುಮಕ್ಕಳು ನೌಕರಿ ಹಿಡಿದು ಮುಂಬೈ, ಹುಬ್ಬಳ್ಳಿ ಅಂತ ಹೋದರು. ಯುದ್ಧ ಬಂತು, ರೇಶನ್ನು ಬಂತು. ಮನೆಯಲ್ಲಿ ಉಳಿದವರು ಮೂವರು: ನಾನು, ಗಂಗಾ, ಸುಶೀಲಾ. ಸುಶೀಲಾ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಅಲ್ಲಿಯೇ ಕಲಿಸುತ್ತಿದ್ದ ಸೊಲ್ಲಾಪುರದ ಹುಡುಗ ಒಬ್ಬ ಅವಳನ್ನು ಕೇಳಿದ. ಲಿಂಗಾಯತರವನು. ಒಳ್ಳೆಯ ಹುಡುಗ, ಮನೆಗೆ ಬಂದು ನನ್ನೆದುರೇ ಕೇಳಿದ. ನಾನು ಹೂಂ ಅಂದೆ. ಕಾಲ ಬದಲಾಗಿತ್ತು. ಅಥವಾ ನನ್ನ ಮಗಳೆಂದು ಹೂಂ ಅಂದೆನೋ ಏನೋ.

ಆದರೆ ಸುಶೀಲಾ ನನ್ನನ್ನು ಕೇಳುವವಳೇ ಅಲ್ಲ. ಅವಳು ಕೇಳಿದ್ದು ಗಂಗೆಯನ್ನು. ಹಿತ್ತಲಲ್ಲಿ ಇಬ್ಬರೂ ಬಟ್ಟೆ ಒಣಹಾಕುತ್ತಿದ್ದರು, ನಾನು ಕಿಟಕಿಯ ಒಳಗಿದ್ದೆ.

"ನಂಬಬ್ಯಾಡವ್ವ" ಅಂದಳು ಗಂಗಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಮರುಕ ಇತ್ತು. "ಗುಡ್ಡದ ತನಕಾ ಕರೀತಾರ, ಗಂಡಸರು. ಕರದು, ಬರೂದಿಲ್ಲ. ಅಲ್ಲಿಂದ ತಿರುಗಿ ಬರೂ ಹಾದ್ಯಾಗ ನಾವೊಬ್ಬರ ಇರ್ತೀವಿ. ನನ್ನ ಮಾತು ಕೇಳು."

ಸುಶೀಲಾ ಕೇಳಿದಳು. ಮರುದಿನ ಆ ಹುಡುಗನಿಗೆ ಬೇಡ ಅಂದುಬಂದಳು. ಬಂದು ಬಾಗಿಲು ಹಾಕಿಕೊಂಡು ಮಲಗಿದಳು.

ನನ್ನ ಸುಳ್ಳಿಗೆ ಇಪ್ಪತ್ತು ವರ್ಷ ದಾಟಿತ್ತು. ಅದು ಸತ್ತಿದೆ ಅಂದುಕೊಂಡಿದ್ದೆ. ಈಗ ನೋಡಿದರೆ ನನ್ನ ಮಗಳ ಕೋಣೆಯಲ್ಲಿ ಕೂತಿತ್ತು.

ಮಧ್ಯಾಹ್ನ ಗಂಗಾ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ರೇಶನ್ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಎದುರಿಗೆ ಕೂತೆ. ಹೇಳಿದೆ. ಸುತ್ತಿ ಬಳಸಲಿಲ್ಲ: "ಅವತ್ತ ಅವರು ಬಂದಿದ್ರು ಗಂಗಾ. ನಾ ನೋಡಿದ್ದೆ. ನಿನಗ ಸುಳ್ಳ ಹೇಳಿದೆ."

ಅವಳ ಬೆರಳು ಅಕ್ಕಿಯ ಮೇಲೆ ನಿಂತವು. ಯಾಕೆ ಎಂದು ಕೇಳುತ್ತಾಳೆ ಅಂದುಕೊಂಡೆ, ಅದಕ್ಕೆ ಉತ್ತರ ಕಟ್ಟಿಕೊಂಡೇ ಕೂತಿದ್ದೆ — ಅತ್ತೆಯ ಕಾಯಿಲೆ, ಬಸಿರು, ನಿಮ್ಮಣ್ಣನ ಸಿಟ್ಟು. ಅವಳು ಅದನ್ನು ಕೇಳಲೇ ಇಲ್ಲ.

"ಏನ ಮಾಡ್ಲಿಕ್ಹತ್ತಿದ್ರು ಅವರು?" ಅಂದಳು.

"ಗುಡ್ಡದ ಕಡೆ ನೋಡ್ಲಿಕ್ಹತ್ತಿದ್ರು. ಕೈ ಹಿಂಗ ಅಡ್ಡ ಹಿಡದು."

"ಒಬ್ಬರ ಇದ್ರೇನು?"

"ತಾಯೀನ್ನ ಕರಕೊಂಡು ಬಂದಿದ್ರು."

ಅದನ್ನು ಕೇಳಿ ಅವಳ ಬಾಯಿಂದ ಒಂದು ಸದ್ದು ಬಂತು. ಅಳು ಅಲ್ಲ, ಮಾತೂ ಅಲ್ಲ. ಗಾಯಕ್ಕೆ ನೀರು ಬಿದ್ದಾಗ ಬರುತ್ತದಲ್ಲ, ಅಂಥದ್ದು. ಆಮೇಲೆ, "ಈಗ ಎಲ್ಲಿದ್ದಾರ?" ಅಂದಳು.

ಅದನ್ನೂ ಹೇಳಿದೆ.

ಮೊರವನ್ನು ಪಕ್ಕಕ್ಕಿಟ್ಟಳು. ಒಂದು ಕಾಳೂ ಚೆಲ್ಲಲಿಲ್ಲ. ಎದ್ದು ನಿಂತು ನನ್ನನ್ನು ನೋಡಿದಳು. "ನೀವು ಒಂದು ಸರ್ತಿ ಅಂದಿದ್ರ ನಾ ಏನರೆ ಮಾಡಿ ಮರೀತಿದ್ದೆ ವೈನಿ. ಮನುಷ್ಯಾರು, ಬಾಯಿ ತಪ್ಪತದ. ಎರಡು ಸರ್ತಿ ಅಂದ್ರಿ."

ಅದೇ ಕೊನೆ. ಆಮೇಲೆ ಅವಳು ನನ್ನನ್ನು ವೈನಿ ಅಂತ ಕರೆಯಲಿಲ್ಲ.

ನೇರ ಸುಶೀಲಾಳ ಕೋಣೆಗೆ ಹೋದಳು. ನಾನು ಬಾಗಿಲ ಹೊರಗೆ ನಿಂತು ಕಾಯುತ್ತಿದ್ದೆ. ಈಗ ಹೇಳುತ್ತಾಳೆ, ಈಗ ನನ್ನ ಮಗಳು ಹೊರಗೆ ಬಂದು ನನ್ನ ಮುಖ ನೋಡುತ್ತಾಳೆ ಅಂತ. ಒಳಗಿಂದ ಗಂಗೆಯ ದನಿ ಸ್ಪಷ್ಟವಾಗಿ ಕೇಳಿಸಿತು: "ನಾ ತಪ್ಪ ತಿಳಕೊಂಡಿದ್ದೆ ತಂಗಿ. ಎಲ್ಲಾ ಗಂಡಸರು ಹಂಗಿರೂದಿಲ್ಲ. ಕರದವರು ಬರ್ತಾರ. ನೀ ಹೋಗು, ಹೂಂ ಅಂತ ಹೇಳಿ ಬಾ." ಅಷ್ಟೇ. ನನ್ನ ಹೆಸರು ಎತ್ತಲಿಲ್ಲ.

ಮದುವೆ ನೋಂದಣಿ ಕಚೇರಿಯಲ್ಲಿ ಆಯಿತು. ಗಂಗಾ ಎಲ್ಲರಿಗೂ ಬಡಿಸಿದಳು, ಹುಡುಗಿಯ ಹೆರಳಿಗೆ ಮಲ್ಲಿಗೆ ಮುಡಿಸಿದಳು. ಸುಶೀಲಾ ಸೊಲ್ಲಾಪುರಕ್ಕೆ ಹೊರಟ ಮರುದಿನ ಬೆಳಿಗ್ಗೆ ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡು ಬೆಳಗಾವಿಗೆ ಹೊರಟುಹೋದಳು. ಅಲ್ಲಿ ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ಅಡುಗೆ, ಮೇಲ್ವಿಚಾರಣೆ ಎರಡಕ್ಕೂ ಹೆಂಗಸು ಬೇಕಾಗಿತ್ತಂತೆ. ನಾನು ತಡೆಯಲಿಲ್ಲ. ಯಾವ ಬಾಯಿಂದ ತಡೆಯಲಿ?

ಮಗಳು ಕೇಳಿದಳು: "ಅತ್ತಿ ಯಾಕ ಹೋದಳವ್ವಾ? ಒಂದು ಮಾತು ಹೇಳದ?" ಗಂಡುಮಕ್ಕಳೂ ಕೇಳಿದರು. ನಾನು ಸುಮ್ಮನಿದ್ದೆ. ನನ್ನ ಮೌನದಲ್ಲಿ ಅವರು ತಮಗೆ ತಿಳಿದ ಅರ್ಥ ತುಂಬಿಕೊಂಡರು. ಬೇರೆ ಜಾತಿಯ ಅಳಿಯ ಬಂದದ್ದು ಸೋದರತ್ತೆಗೆ ಸೇರಲಿಲ್ಲ, ಮೊದಲಿಂದಲೂ ಬೇಡ ಅಂತಿದ್ದಳಲ್ಲ, ಬಾಯಲ್ಲಿ ಹೂಂ ಅಂದು ಮನಸ್ಸಿನಲ್ಲಿ ಮೈಲಿಗೆ ಎಣಿಸಿದಳು — ಹೀಗೆ. ಸುಶೀಲಾ ಅತ್ತು ಅತ್ತು ಕೊನೆಗೆ ಕಲ್ಲಾದಳು. "ಹಡದಾಕಿಗಿಂತ ಹೆಚ್ಚ ಅಂತ ತಿಳಿದಿದ್ದೆ ಆಕಿನ್ನ" ಅಂದಳು ಒಮ್ಮೆ. "ನನ್ನ ಗಂಡನ ಕೈಯಾಗಿನ ನೀರು ಕುಡಿಯೂದು ಆಗಲಿಲ್ಲ ಆಕೀಗೆ." ಅವಳಿಗೆ ಮಗನಾದಾಗಲೂ ಬೆಳಗಾವಿಗೆ ಸುದ್ದಿ ಕಳಿಸಲಿಲ್ಲ.

ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಎರಡು ಸಲ ಅಲ್ಲ. ಎಷ್ಟು ಸಲವೋ.

ಹೋದ ತಿಂಗಳು ಬೆಳಗಾವಿಗೆ ಹೋಗಿದ್ದೆ. ವಸತಿಗೃಹದ ಪಡಸಾಲೆಯಲ್ಲಿ ಗಂಗಾ ತರಕಾರಿ ತೂಗಿಸಿಕೊಳ್ಳುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಹೊಸ ಹುಡುಗಿಯನ್ನು ಸೇರಿಸಲು ಬಂದ ಯಾರದೋ ತಾಯಿಗೆ ಹೇಳುವ ಹಾಗೆ, "ಬರ್ರಿ ಬಾಯಿಯವರ, ಕೂಡ್ರಿ" ಅಂದಳು. ನೀರು, ಬೆಲ್ಲ ತಂದಿಟ್ಟಳು. ನಾನು ಕಾಲು ಹಿಡಿಯಲು ಬಗ್ಗಿದರೆ ಹಿಂದೆ ಸರಿದಳು.

"ಸುಶೀಲಾ ಹ್ಯಾಂಗಿದ್ದಾಳ?" ಎಂದಳು.

"ಛಲೋ ಇದ್ದಾಳ. ಮಗಾ ಈಗ ನಡ್ಯಾಕ್ಹತ್ಯಾನ."

ಮಗನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಆ ಮುಖ ಒಂದು ಕ್ಷಣ ಅರಳಿ ಮುಚ್ಚಿಕೊಂಡದ್ದನ್ನು ಕಂಡೆ. "ನಾ ಯಾಕ ಬಿಟ್ಟು ಬಂದೆ ಅಂತ ಆಕೀಗೆ ಹೇಳೀರೇನು?" ಅಂದಳು.

"ಇಲ್ಲ."

ಗಂಗಾ ಹುಡುಗಿಯರ ಊಟದ ಹೊತ್ತಾಯಿತೆಂದು ಎದ್ದು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ನಾನು ಕತ್ತಲಾಗುವವರೆಗೆ ಕೂತು ಎದ್ದು ಬಂದೆ.

ಕ್ಷಮೆ ಸಿಗಲೆಂದು ಇದನ್ನು ಹೇಳುತ್ತಿಲ್ಲ. ಕ್ಷಮಿಸಬೇಕಾದ ಇಬ್ಬರಲ್ಲಿ ಒಬ್ಬರು ಹೋದರು — 'ಒಲ್ಲೆ ಅಂದಳು' ಎಂಬ ಸುಳ್ಳನ್ನು ಎದೆಯಲ್ಲಿಟ್ಟುಕೊಂಡೇ ಹೋದರು. ಇನ್ನೊಬ್ಬಳು ಕೊಡಲಾರಳು, ಕೊಡಲೂ ಬಾರದು. ಆದರೆ ಅವಳ ಮೇಲೆ ಇನ್ನೊಂದು ಸುಳ್ಳು ಕೂತಿದೆ, ನಾನು ಬೆಳೆಯಗೊಟ್ಟದ್ದು. ಅದನ್ನು ಕೀಳುವುದು ನನ್ನ ಕೈಯಲ್ಲಿದೆ.

ನಾಳೆ ಸುಶೀಲಾ ಮಗನನ್ನು ಕರೆದುಕೊಂಡು ಬರುತ್ತಾಳೆ, ತಿಂಗಳೊಪ್ಪತ್ತು ಇರಲಿಕ್ಕೆ. ಹುಡುಗನಿಗೆ ಇತ್ತೀಚೆಗೆ ನನ್ನ ಗುರುತು ಸಿಕ್ಕಿದೆ, ಕಂಡರೆ ಕೈ ಚಾಚುತ್ತಾನೆ. ಊಟ ಆಗಲಿ, ದಣಿವಾರಲಿ, ಎರಡು ದಿನ ಕಳೆಯಲಿ ಎಂದು ಮನಸ್ಸು ಈಗಲೇ ಹೊಂಚು ಹಾಕುತ್ತಿದೆ. ಬೇಡ. ಬಾಗಿಲಲ್ಲೇ ಹೇಳುತ್ತೇನೆ, ಆಕೆ ಸಾಮಾನು ಒಳಗೆ ತರುವ ಮೊದಲು, ಮಗುವನ್ನು ನನ್ನ ಕೈಗೆ ಕೊಡುವ ಮೊದಲು — ಅವಳು ಬೆಳಗಾವಿಗೆ ಹೋಗುತ್ತೇನೆ ಅಂದರೆ ಅಲ್ಲಿಂದಲೇ ತಿರುಗಿ ಹೋಗಲಿ ಅಂತ.